ಅಜ್ಜಿಯ ಸಂಬಳ ಹಾಕ್ಲಿಲ್ಲ, ಟೀಚರ್

ಕಳೆದ ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿದು ಶಾಲೆ ಶುರುವಾದ ಮೊದಲ ಸೋಮವಾರ. ಮಧ್ಯಾಹ್ನದ ಊಟ ಮುಗಿಸಿ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ಐವತ್ತು ರೂಪಾಯಿಯ ಹೊಸ ನೋಟೊಂದನ್ನು ಮೇಜಿನ ಮೇಲಿಟ್ಟು, "ಟೀಚರ್, ಇದನ್ನು ಜಾಸ್ತಿ ಮಾಡ್ಬೇಕಂತೆ. ಎಷ್ಟು ಮಾಡ್ಬಹುದು?" ಎಂದು ಕೇಳಿದಳು.

ನಮ್ಮ ಪತ್ರಿಕೆಯ ರೂಢಿಯಂತೆ ಮಗುವಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬರೆಯುತ್ತಿಲ್ಲ. ಉಡುಪಿ ಜಿಲ್ಲೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಎಂದರೆ ಸಾಕು. ನಾನು ಅಲ್ಲಿಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದ ಗಣಿತದ ಪ್ರಶಿಕ್ಷಣಾರ್ಥಿ. ನನ್ನ ಊರು ತರೀಕೆರೆ ಕಡೆ. ಈ ಕಡೆಯ 'ಉಂಟು', 'ಎಂತ'ಗಳಿಗೆ ಕಿವಿ ಹೊಂದಿಕೊಳ್ಳಲು ಒಂದು ತಿಂಗಳು ಹಿಡಿದಿತ್ತು. ಮಕ್ಕಳು ತಮ್ಮೊಳಗೆ ತುಳು ಮಾತಾಡಿಕೊಂಡು ನಕ್ಕಾಗ, ನನ್ನ ಬಗ್ಗೆಯೇ ನಗುತ್ತಿದ್ದಾರೆ ಎಂಬ ಅನುಮಾನ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಹುಡುಗಿಯ ಮನೆಯವರು ಸಿ.ಎಸ್.ಐ. ಸಭೆಗೆ ಸೇರಿದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಚರ್ಚುಗಳು ಈ ಕಡೆ ಅನೇಕ ಇವೆ. ಆರಾಧನೆ ಕನ್ನಡದಲ್ಲಿ, ಮನೆಮಾತು ತುಳು. ಅವರ ಸಂಡೇ ಸ್ಕೂಲಿನಲ್ಲಿ ಆ ವರ್ಷ ಒಂದು ಯೋಜನೆ ಹಾಕಿದ್ದರು. ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ತಲಾಂತುಗಳ ಕಥೆ ಬರುತ್ತದೆ. ಯಜಮಾನ ದೂರದೇಶಕ್ಕೆ ಹೋಗುವಾಗ ಒಬ್ಬ ಆಳಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮೂರನೆಯವನಿಗೆ ಒಂದು ಕೊಡುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಎರಡರಷ್ಟು ಮಾಡುತ್ತಾರೆ; ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ, ಬೈಸಿಕೊಳ್ಳುತ್ತಾನೆ. ಆ ಕಥೆಯಂತೆ ಪ್ರತಿ ಮಗುವಿಗೂ ಐವತ್ತು ರೂಪಾಯಿ ಕೊಟ್ಟು, ನವೆಂಬರ್‌ನ ಹಾರ್ವೆಸ್ಟ್ ಹಬ್ಬದ ದಿನ ಅದನ್ನು ಬೆಳೆಸಿ ತನ್ನಿ ಎಂದಿದ್ದರು. ಕೂಡಿದ ಹಣದಲ್ಲಿ ಊರಿನ ಒಬ್ಬ ಒಂಟಿ ಮುದುಕಿಯ ಮನೆಯ ಮಾಡು ಸರಿಮಾಡಿಸುವುದು. ಮಂಗಗಳು ಓಡಾಡಿ ಹಂಚು ಒಡೆದು, ಮಳೆಗಾಲವಿಡೀ ಆಕೆ ಪಾತ್ರೆ ಇಟ್ಟುಕೊಂಡೇ ಮಲಗಿದ್ದರಂತೆ. ಆಕೆ ಚರ್ಚಿಗೆ ಸೇರಿದವರೂ ಅಲ್ಲ. ಒಂದು ಹಂಚಿಗೆ ಸಾಗಾಟ ಸೇರಿ ನಲವತ್ತು ರೂಪಾಯಿ ಎಂದು ಅಯ್ಯನವರು ಮಕ್ಕಳಿಗೆ ಹೇಳಿದ್ದರು. (ಸಭಾಪಾಲಕರನ್ನು ಅವಳು ಹಾಗೆ ಕರೆಯುತ್ತಿದ್ದಳು. ನಾನು ಮೊದಲು ಯಾವುದೋ ಊರಗೌಡರು ಅಂದುಕೊಂಡಿದ್ದೆ.)

ಆಗ ನಾನು ಏಳನೇ ತರಗತಿಗೆ 'ಪರಿಮಾಣಗಳ ಹೋಲಿಕೆ' ಅಧ್ಯಾಯ ತೆಗೆದುಕೊಂಡಿದ್ದೆ. ಶೇಕಡಾ ಮುಗಿದಿತ್ತು, ಮುಂದಿನದು ಲಾಭ–ನಷ್ಟ. ಪಾಠಯೋಜನೆಯ ಮೊದಲ ಹಂತಕ್ಕೆ 'ಮಕ್ಕಳ ನಿಜಜೀವನದ ಸನ್ನಿವೇಶ' ಹುಡುಕಿ ಸುಸ್ತಾಗಿದ್ದವಳಿಗೆ ಸನ್ನಿವೇಶವೇ ನಡೆದು ಬಂದು ಮೇಜಿನ ಮೇಲೆ ಕೂತಂತಾಯಿತು. ಅವಳಿಗೆ ಸಹಾಯ ಮಾಡಬೇಕು ಎನ್ನುವುದು ನಿಜವಾಗಿಯೂ ನನ್ನ ಮನಸ್ಸಿನಲ್ಲಿತ್ತು. ನನಗೊಂದು ಒಳ್ಳೆಯ ಪಾಠ ಸಿಗುತ್ತದೆ ಎನ್ನುವುದೂ ಅಷ್ಟೇ ಇತ್ತು. ಇವೆರಡರಲ್ಲಿ ಯಾವುದು ಮುಂದಿತ್ತು ಎಂದು ಈಗ ಹೇಳಲಾರೆ.

ನನ್ನ ಮೊದಲ ಸಲಹೆ ನೆಲಗಡಲೆ ಚಿಕ್ಕಿ ಮಾಡಿ ಶಾಲೆಯಲ್ಲೇ ಮಾರುವುದು. ಮುಖ್ಯ ಶಿಕ್ಷಕರು ಒಂದೇ ಮಾತಿನಲ್ಲಿ ತೆಗೆದುಹಾಕಿದರು: "ಶಾಲೆಯೊಳಗೆ ಯಾರೂ ಯಾವುದಕ್ಕೂ ಮಾರುವುದು, ಚಂದಾ ಎತ್ತುವುದು ಬೇಡ. ಇವತ್ತು ಚರ್ಚಿಗೆ, ನಾಳೆ ಇನ್ನೊಂದಕ್ಕೆ. ಕೊಡಲಿಕ್ಕಾಗದ ಮಗು ಏನು ಮಾಡಬೇಕು?" ಆಗ ಬೇಸರವಾಯಿತು. ಅವರು ಹೇಳಿದ್ದು ಸರಿ ಎಂದು ಈಗ ಅನಿಸುತ್ತದೆ. ವಿಷಯ ತರಗತಿಗೂ ಮುಟ್ಟಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಟೀಚರ್, ನಮ್ಮ ಭಜನಾ ಮಂದಿರಕ್ಕೂ ಹೆಲ್ಪ್ ಮಾಡ್ತೀರಾ?" ಎಂದು ಕೇಳಿದ. ಕುಹಕದಿಂದ ಕೇಳಿದನೋ ನಿಜವಾಗಿಯೋ ತಿಳಿಯಲಿಲ್ಲ. ಲೆಕ್ಕ ಹಾಕಲು ಯಾರು ಬಂದರೂ ಕೂರುತ್ತೇನೆ, ಹಣ ಎತ್ತಲು ಯಾರ ಜೊತೆಗೂ ಹೋಗುವುದಿಲ್ಲ ಎಂದೆ. ಈ ಮಾತಿನ ಎರಡನೇ ಅರ್ಧವನ್ನು ನಾನು ಉಳಿಸಿಕೊಳ್ಳಲಿಲ್ಲ, ಅದನ್ನೇ ಮುಂದೆ ಹೇಳುತ್ತೇನೆ. ಮಕ್ಕಳಿಗಂತೂ ಇದೇನೂ ಹೊಸದಾಗಿರಲಿಲ್ಲ. ಕಟಪಾಡಿಯ ರವಿ ಅವರು ಅಷ್ಟಮಿಗೆ ವೇಷ ಹಾಕಿ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಸಂಗ್ರಹಿಸುವುದನ್ನು ನೋಡಿಯೇ ಬೆಳೆದವರು ಅವರು. "ಅವರ ಬಣ್ಣಕ್ಕೆ ಎಷ್ಟು ಖರ್ಚಾಗ್ತದೆ ಟೀಚರ್?" ಎಂದು ಅದೇ ಹುಡುಗ ಕೇಳಿದ್ದು ಆಮೇಲೆ ನೆನಪಾಯಿತು. ಖರ್ಚಿನ ಬಗ್ಗೆ ನನಗಿಂತ ಮೊದಲು ಯೋಚಿಸಿದ್ದವನು ಅವನೇ.

ಕೊನೆಗೆ ಉಪಾಯ ಹುಡುಗಿಯದೇ. ಅವಳ ಅಜ್ಜಿ ಹಿಡಿಸೂಡಿ ಕಟ್ಟುತ್ತಾರೆ. ತೆಂಗಿನ ಮಡಲಿನ ಗರಿಯನ್ನು ಕತ್ತಿಯಿಂದ ಹೆರೆದು, ಕಡ್ಡಿ ಬೇರೆ ಮಾಡಿ, ಒಟ್ಟು ಸೇರಿಸಿ ಬಿಗಿಯಾಗಿ ಕಟ್ಟಿದರೆ ಹಿಡಿಸೂಡಿ. ನಮ್ಮ ಕಡೆ ಕಡ್ಡಿ ಪೊರಕೆ ಎನ್ನುತ್ತೇವೆ. ಮೂವತ್ತು ರೂಪಾಯಿಗೆ ಹಗ್ಗ, ಇಪ್ಪತ್ತಕ್ಕೆ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು. ಅಲ್ಲಿಗೆ ಐವತ್ತು ಖರ್ಚು. ಒಂದಕ್ಕೆ ಐವತ್ತರಂತೆ ಮಾರಬಹುದು.

"ಎಷ್ಟು ಮಾಡ್ತೀ?" ಎಂದೆ.

"ಎಂಟು."

"ಎಂಟೇ ಯಾಕೆ?"

"ಎಂಟು ಆಗ್ತದೆ ಟೀಚರ್," ಎಂದಳು, ಇನ್ನು ಮಾತಿಲ್ಲ ಎನ್ನುವಂತೆ.

ನಾನು ಅಲ್ಲೇ ನಿಂತು ಕೇಳಬೇಕಿತ್ತು. ಎಂಟು ಎನ್ನುವ ಸಂಖ್ಯೆ ಅವಳ ತಲೆಯಲ್ಲಿ ಹೇಗೆ ಬಂತು ಎಂದು ಕೇಳಿದ್ದರೆ ಸಾಕಿತ್ತು. ಉತ್ತರ ಬಂದ ದಾರಿಯನ್ನು ಕೇಳಿ ಎಂದು ಗಣಿತ ಬೋಧನಾ ಪದ್ಧತಿಯ ತರಗತಿಯಲ್ಲಿ ನಮಗೆ ಎಷ್ಟು ಸಲ ಹೇಳಿಲ್ಲ! ನಾನು ಕೇಳಲಿಲ್ಲ. ಎಂಟಕ್ಕೆ ನಾನೂರು ರೂಪಾಯಿ, ಅಂದರೆ ಹತ್ತು ಹಂಚು, ಇಷ್ಟು ಬುದ್ಧಿವಂತ ಹುಡುಗಿಗೆ ಹತ್ತೇ ಹಂಚೇ ಎನಿಸಿತು. ಅವಳೂ ಒಮ್ಮೆ ಮೆಲ್ಲಗೆ ಹೇಳಿದ್ದಳು: ಸಂಡೇ ಸ್ಕೂಲಿನಲ್ಲಿ ಒಬ್ಬಳ ಅಪ್ಪ ಕುವೈತಿನಲ್ಲಿದ್ದಾರೆ, ಅವಳು ಕವರಿನಲ್ಲಿ ಎರಡು ಸಾವಿರ ತರುತ್ತಾಳಂತೆ, ಹಬ್ಬದ ದಿನ ಎಲ್ಲರ ಮೊತ್ತವನ್ನೂ ಓದಿ ಹೇಳುತ್ತಾರಂತೆ. ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದೆ. ಬೆಳಗಾಗುವುದರೊಳಗೆ ಇಪ್ಪತ್ತೆರಡು ಹಿಡಿಸೂಡಿಗೆ ಬೇಡಿಕೆ ಬಂತು. ಎಂಟೂ ಇಪ್ಪತ್ತೆರಡೂ ಮೂವತ್ತು. ಸಾವಿರದ ಐನೂರು ರೂಪಾಯಿ. ಅವಳಿಗೆ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಟೀಚರ್" ಎಂದಳು. ಆ ಮೌನ ಖುಷಿಯದೆಂದು ನಾನು ತಿಳಿದೆ.

ಎರಡು ವಾರ ಕಳೆದ ಮೇಲೆ ಒಂದು ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಮಾರ್ಗದರ್ಶಿ ಶಿಕ್ಷಕಿ ಹಾಜರಿ ಪುಸ್ತಕದಿಂದ ತಲೆಯೆತ್ತದೆ, "ನಿಮ್ಮ ಆರ್ಡರ್ ಮುಗಿಸ್ತಾ ಇರ್ಬೇಕು" ಎಂದರು. ಬುಧವಾರ ಬಂದಳು. ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

ಅಂದೇ ನನ್ನ ಲಾಭ–ನಷ್ಟದ ಪಾಠ, ಅಂದೇ ಕಾಲೇಜಿನಿಂದ ಮೇಲ್ವಿಚಾರಕರ ಭೇಟಿ. ಅವರು ಕೊನೆಯ ಬೆಂಚಿನಲ್ಲಿ ವೀಕ್ಷಣಾ ಹಾಳೆ ಹಿಡಿದು ಕೂತಿದ್ದರು. ಹುಡುಗಿಯ ಒಪ್ಪಿಗೆ ಕೇಳಿಯೇ ಅವಳ ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಂಡೆ. ಹಲಗೆಯ ಮೇಲೆ ಬರೆದೆ: ಕೊಂಡ ಬೆಲೆ 50, ಮಾರಿದ ಬೆಲೆ 1500, ಲಾಭ 1450. ಶೇಕಡಾ ಲಾಭ? ಮಕ್ಕಳು ಬಿಡಿಸಿದರು: 2900. ತರಗತಿ 'ಓ' ಎಂದು ಚಪ್ಪಾಳೆ ತಟ್ಟಿತು. ಇಷ್ಟು ಚೆಂದದ ಪಾಠ ನಾನು ಅದುವರೆಗೆ ಮಾಡಿರಲಿಲ್ಲ.

ಅವಳು ಚಪ್ಪಾಳೆ ತಟ್ಟಲಿಲ್ಲ, ಕೈ ಎತ್ತಿದಳು. "ಅಜ್ಜಿಯ ಸಂಬಳ ಹಾಕ್ಲಿಲ್ಲ, ಟೀಚರ್."

ನಾನು ನಕ್ಕು ಹೇಳಿದ ಉತ್ತರ ಇದು: "ಮನೆಯವರು ಮನೆಯಲ್ಲಿ ಮಾಡಿದ ಕೆಲಸಕ್ಕೆ ಸಂಬಳ ಇರುವುದಿಲ್ಲ ಅಲ್ವಾ?"

"ಬೀಡಿಗೆ ಉಂಟಲ್ಲ ಟೀಚರ್? ಅದೂ ಮನೆಯಲ್ಲೇ ಕಟ್ಟುವುದು."

ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ತಾಯಂದಿರು ಬೀಡಿ ಕಟ್ಟುವವರು. ಸಂಜೆ ಕಟ್ಟುಗಳನ್ನು ಬ್ರಾಂಚಿಗೆ ಒಯ್ಯುವುದು, ಅಲ್ಲಿ ಎಣಿಸಿಕೊಡುವುದು, ಸರಿಯಿಲ್ಲದ್ದನ್ನು ಎಷ್ಟು ತೆಗೆದುಹಾಕಿದರು ಎಂದು ನೋಡಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಈ ಮಕ್ಕಳದೇ ಕೆಲಸ. ಮನೆಯ ಜಗಲಿಯ ಮೇಲೆ ಕೂತು ಮಾಡಿದ ಕೆಲಸಕ್ಕೆ ಸಾವಿರಕ್ಕೆ ಇಷ್ಟು ಎಂದು ಬೆಲೆ ಇದೆ ಎನ್ನುವುದು ಅವರಿಗೆ ಮಗ್ಗಿಗಿಂತ ಮೊದಲು ಗೊತ್ತಾದ ಗಣಿತ. ನನ್ನ ಬಾಯಿ ಕಟ್ಟಿತು.

"ಒಂದು ಹಿಡಿಸೂಡಿಗೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದವನು ಭಜನಾ ಮಂದಿರದ ಹುಡುಗ. ಎರಡು ಗಂಟೆ ಎಂದಳು. ಮೂವತ್ತಕ್ಕೆ ಅರವತ್ತು ಗಂಟೆ. ಅವನ ಅಮ್ಮ ಗದ್ದೆ ಕೆಲಸಕ್ಕೆ ಹೋದರೆ ದಿನಕ್ಕೆ ನಾನೂರು, ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ ಐವತ್ತು. ನಾನು ಸೀಮೆಸುಣ್ಣ ಅವನ ಕೈಗೆ ಕೊಟ್ಟೆ. ಕೂಲಿ 3000, ಹಗ್ಗ–ಟ್ಯೂಬು 50, ಒಟ್ಟು 3050. ಮಾರಿದ್ದು 1500. "ನಷ್ಟ!" ಎಂದು ತರಗತಿ ಕೂಗಿತು. ಶೇಕಡಾ ಎಷ್ಟು ಎಂದು ಯಾರೂ ಕೇಳದೆಯೇ ಬಿಡಿಸತೊಡಗಿದರು. ಭಾಗಾಕಾರ ಸರಿಯಾಗಿ ಹೋಗದ ಲೆಕ್ಕ; 50.8 ಬರುವ ಹೊತ್ತಿಗೆ ಗಂಟೆ ಹೊಡೆಯಿತು. "ಹಾಗಾದ್ರೆ ಮಾಡುವುದು ಬೇಡವಾ?" ಎಂದು ಯಾರೋ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ವೀಕ್ಷಣಾ ಹಾಳೆಯಲ್ಲಿ ಮೇಲ್ವಿಚಾರಕರು ಬರೆದದ್ದು ಎರಡೇ ಸಾಲು. ಪಾಠಯೋಜನೆಯಿಂದ ಹೊರಗೆ ಹೋಗಿದೆ, ಮೌಲ್ಯಮಾಪನದ ಹಂತ ತಲುಪಿಲ್ಲ ಎನ್ನುವುದು ಒಂದು. ಆ ಹುಡುಗಿಯ ಪ್ರಶ್ನೆಗೆ ನೀವು ಮೊದಲು ಕೊಟ್ಟ ಉತ್ತರವನ್ನು ದಿನಚರಿಯಲ್ಲಿ ಬರೆದಿಟ್ಟುಕೊಳ್ಳಿ ಎನ್ನುವುದು ಇನ್ನೊಂದು. ಬರೆದಿಟ್ಟುಕೊಂಡೆ. ಬರೆಯುವಾಗ ನಮ್ಮ ಮನೆಯ ಎರಡು ಎಮ್ಮೆಗಳು ನೆನಪಾದವು. ಹುಲ್ಲು ತರುವುದು, ಹಾಲು ಕರೆಯುವುದು, ಬೆಳಗಿನ ಜಾವ ಡೈರಿಗೆ ಹಾಕಿಬರುವುದು ಎಲ್ಲವೂ ಅಮ್ಮ. ಪಾಸ್‌ಬುಕ್ಕು ಅಪ್ಪನ ಹೆಸರಿನಲ್ಲಿ. ಇಪ್ಪತ್ತೈದು ವರ್ಷ ಅದೇ ಮನೆಯಲ್ಲಿದ್ದು, ಬಿ.ಎಸ್ಸಿ.ಯಲ್ಲಿ ಗಣಿತ ಓದಿ, ಆ ಲೆಕ್ಕವನ್ನು ನಾನು ಒಮ್ಮೆಯೂ ಹಾಕಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಅಂಗಳದಲ್ಲಿ ಮಡಲುಗಳ ರಾಶಿ. 'ಎಂಟು' ಎಲ್ಲಿಂದ ಬಂತು ಎಂದು ಅಲ್ಲಿ ಗೊತ್ತಾಯಿತು. ಮನೆಯವರಿಗೆ ಇರುವುದು ನಾಲ್ಕು ತೆಂಗಿನ ಮರ. ಒಂದು ಮರದಿಂದ ತಿಂಗಳಿಗೆ ಒಂದು ಮಡಲು ಬಿದ್ದರೆ ಬಿತ್ತು. ಒಂದು ಹಿಡಿಸೂಡಿಗೆ ಒಂದೂವರೆಯಿಂದ ಎರಡು ಮಡಲಿನ ಕಡ್ಡಿ ಬೇಕು. ಹಿತ್ತಿಲಲ್ಲಿ ಕೂಡಿಟ್ಟದ್ದು, ಪಕ್ಕದ ಮನೆಯದ್ದು ಎಲ್ಲ ಸೇರಿಸಿ, ಹಬ್ಬದವರೆಗೆ ದಿನಕ್ಕೆ ಅಜ್ಜಿ ಎಷ್ಟು ಹೊತ್ತು ಕೂರಬಲ್ಲರು ಎಂದು ಎಣಿಸಿ ಅವಳು ಎಂಟು ಎಂದಿದ್ದಳು. ನಾನು ಅದನ್ನು ಮೂವತ್ತು ಮಾಡಿದ ಮೇಲೆ ಅವಳೂ ಅವಳ ಅಮ್ಮನೂ ಏಳು ಮನೆಗಳಿಗೆ ಹೋಗಿ ಮಡಲು ಕೇಳಿ ಎಳೆದು ತಂದಿದ್ದರು. ಮಡಲೆಂದರೆ ಬಚ್ಚಲ ಒಲೆಗೆ ಸೌದೆ, ಸುಮ್ಮನೆ ಬಿದ್ದಿರುವ ಕಸವಲ್ಲ. ಕೇಳುವುದೂ ಒಂದು ಋಣವೇ.

ಅಜ್ಜಿಗೆ ತುಳು ಬಿಟ್ಟರೆ ಕನ್ನಡ ಅಷ್ಟಕ್ಕಷ್ಟೆ. ಹುಡುಗಿ ನಡುವೆ ಕೂತು ಎರಡೂ ಕಡೆ ಹೇಳುತ್ತಿದ್ದಳು. ನಿಮಗೆ ತೊಂದರೆಯಾಯಿತು, ನಿಮ್ಮ ಕೂಲಿಯ ಲೆಕ್ಕ ಹಾಕದೆ ತಪ್ಪು ಮಾಡಿದೆ ಎಂದು ಹೇಳಿಸಿದೆ. ಅಜ್ಜಿ ಕತ್ತಿ ಕೆಳಗಿಟ್ಟರು. ಆ ಮುದುಕಿಯೂ ಇವರೂ ಚಿಕ್ಕಂದಿನಲ್ಲಿ ಒಟ್ಟಿಗೆ ನೇಜಿ ನೆಟ್ಟವರಂತೆ. "ಅವಳ ಮಾಡು ಸೋರುವಾಗ ನಾನು ಕೂಲಿ ಎಣಿಸುವುದಾ ಅಂತ ಕೇಳ್ತಿದ್ದಾರೆ," ಎಂದು ಹುಡುಗಿ ಹೇಳಿದಳು. ಅಜ್ಜಿ ಇನ್ನೂ ಏನೋ ಹೇಳಿದರು. ಹುಡುಗಿ ಅದನ್ನು ಹೇಳಲು ಹಿಂದೆಮುಂದೆ ನೋಡಿದಾಗ, ಒಳಗಿನಿಂದ ಅವಳ ಅಮ್ಮ ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡೇ ಹೇಳಿದರು: "ಬಾಲೆ ಎರಡು ದಿನ ಶಾಲೆ ತಪ್ಪಿಸಿದ್ದು ಅವರಿಗೆ ಬೇಜಾರು. ಹೋಗು ಅಂತ ಅವರು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಟೀಚರ್ ಹೇಳಿದ್ದಾರೆ ಅಂತ."

ಕೂಲಿಯ ವಿಷಯದಲ್ಲಿ ಅಜ್ಜಿ–ಮೊಮ್ಮಗಳ ಮಾತು ಎರಡು ದಿಕ್ಕಿನದು, ಮತ್ತು ಎರಡೂ ಸರಿ ಎಂದೇ ನನಗೆ ಅನಿಸಿದ್ದು. ಕೊಡುವವರು ಎಣಿಸದೆ ಕೊಡಬಹುದು. ಹಾಗೆಂದು ಹಲಗೆಯ ಮೇಲೆ ಸೊನ್ನೆ ಬರೆಯುವ ಹಕ್ಕು ನನಗೆ ಬರುವುದಿಲ್ಲ. ಶಾಲೆ ತಪ್ಪಿದ ವಿಷಯಕ್ಕೆ ಮಾತ್ರ ಎರಡು ದಿಕ್ಕಿಲ್ಲ. ಮಗುವನ್ನು ಶಾಲೆಗೆ ಬರಿಸಬೇಕಾದವಳ ಮಾತಿನಿಂದಲೇ ಮಗು ಶಾಲೆ ಬಿಟ್ಟಿತ್ತು. ನಮ್ಮಂಥವರು 'ಪ್ರೋತ್ಸಾಹ' ಎನ್ನುವ ಪದವನ್ನು ಬಹಳ ಸುಲಭವಾಗಿ ಬಳಸುತ್ತೇವೆ. ಹನ್ನೆರಡು ವರ್ಷದ ಮಗುವಿಗೆ ಟೀಚರಿನ ಪ್ರೋತ್ಸಾಹವೂ ಅಪ್ಪಣೆಯೂ ಒಂದೇ ದನಿಯಲ್ಲಿ ಕೇಳಿಸುತ್ತದೆ.

ಅಲ್ಲೇ ಕೂತು ಗುಂಪಿಗೆ ಸಂದೇಶ ಹಾಕಿದೆ: ಬರುವುದು ಹನ್ನೊಂದೇ, ಉಳಿದವರು ಕ್ಷಮಿಸಿ. ಒಬ್ಬಿಬ್ಬರಿಗೆ ಸಿಟ್ಟು ಬಂತು, ಬರಲಿ. ಆಮೇಲೆ ಅಜ್ಜಿ ಒಂದು ಕತ್ತಿ ನನ್ನ ಕಡೆ ತಳ್ಳಿದರು. ಒಂದು ಹಿಡಿಸೂಡಿ ಮುಗಿಸಲು ನನಗೆ ನಾಲ್ಕು ಗಂಟೆ ಹಿಡಿಯಿತು. ಕಟ್ಟು ಸಡಿಲ, ಕಡ್ಡಿಗಳು ಒಂದೊಂದು ಉದ್ದ. ಅಜ್ಜಿ ಅದನ್ನೆತ್ತಿ ಅಲ್ಲಾಡಿಸಿದಾಗ ನಾಲ್ಕು ಕಡ್ಡಿ ಉದುರಿದವು. ಅಂದು ತುಳುವಿನಲ್ಲಿ ನಕ್ಕದ್ದು ನನ್ನ ಬಗ್ಗೆಯೇ ಎಂಬುದರಲ್ಲಿ ಅನುಮಾನವಿರಲಿಲ್ಲ.

ಹಾರ್ವೆಸ್ಟ್ ಹಬ್ಬಕ್ಕೆ ಅವಳು ನನ್ನನ್ನು ಕರೆದಳು. ಚರ್ಚಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಬಾಳೆಗೊನೆ, ತೆಂಗಿನಕಾಯಿ, ಸೌತೆಕಾಯಿ, ಭತ್ತ, ಕೋಳಿ. ಅವರವರು ಬೆಳೆದದ್ದನ್ನು ಮುಂದೆ ತಂದಿಟ್ಟಿದ್ದರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಒಂದು ಸೌತೆಕಾಯಿ ಎಂಟುನೂರಕ್ಕೆ ಹೋಯಿತು. ತಂದಿಟ್ಟವರೇ ಕೂಗಿ ಬಿಡಿಸಿಕೊಂಡದ್ದೂ ಉಂಟು. ಒಟ್ಟು ಇಪ್ಪತ್ತು ಹಿಡಿಸೂಡಿಗಳಲ್ಲಿ ಹತ್ತೊಂಬತ್ತನ್ನು ಮಾರಿ, ಒಂದನ್ನು ಅವಳು ಏಲಂಗೆ ಇಟ್ಟಿದ್ದಳು. ಇಬ್ಬರು ಮಾಮಂದಿರು ಹಟಕ್ಕೆ ಬಿದ್ದು ಅದು ನಾನೂರ ಇಪ್ಪತ್ತಕ್ಕೆ ನಿಂತಿತು. "ಅದೇ ಹಿಡಿಸೂಡಿ ಅಲ್ವಾ ಟೀಚರ್? ಇದು ಯಾವ ಲೆಕ್ಕ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಮಾರಿದ ಬೆಲೆ ಎನ್ನುವ ಪದ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಮೊತ್ತಗಳನ್ನು ಯಾರೂ ಓದಲಿಲ್ಲ. ಅಯ್ಯನವರು ಮಕ್ಕಳ ಹೆಸರುಗಳನ್ನಷ್ಟೇ ಕರೆದರು, ಮಕ್ಕಳು ಹೋಗಿ ಕವರನ್ನು ಪೆಟ್ಟಿಗೆಗೆ ಹಾಕಿ ಬಂದರು. ಅವಳ ಕವರಿನಲ್ಲಿ ಒಂಬೈನೂರ ಐವತ್ತು ರೂಪಾಯಿಯ ಜೊತೆಗೆ ಗಣಿತದ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯೂ ಇತ್ತು. ಹಾಕುವ ಮೊದಲು ನನಗೆ ತೋರಿಸಿದ್ದಳು. ನೆನಪಿನಿಂದ ಬರೆಯುತ್ತೇನೆ:

ಸಂಡೇ ಸ್ಕೂಲಿನಿಂದ ಸಿಕ್ಕಿದ್ದು – 50
ಹಗ್ಗ, ಟ್ಯೂಬು – 50
ಮಾರಿದ್ದು 19 × 50 = 950
ಮಡಲು ಕೊಟ್ಟವರು – 7 ಮನೆ
ಅಜ್ಜಿ – 26 ಗಂಟೆ
ಅಮ್ಮ – 6 ಗಂಟೆ (600 ಬೀಡಿ ಕಡಿಮೆ)
ನಾನು – 8 ಗಂಟೆ, 2 ದಿನ ಆಬ್ಸೆಂಟ್
ಟೀಚರ್ – 4 ಗಂಟೆ (1, ಮಾರಲಿಕ್ಕಾಗದ್ದು)

ಲಾಭ ಎಂಬ ಸಾಲು ಇರಲಿಲ್ಲ. ಮರೆತಳೋ ಬಿಟ್ಟಳೋ ನಾನು ಕೇಳಲಿಲ್ಲ. ಅಧ್ಯಾಯದ ಕೊನೆಯ ಕಿರುಪರೀಕ್ಷೆಯಲ್ಲಿ ಲಾಭದ ಲೆಕ್ಕಗಳನ್ನೆಲ್ಲ ಸರಿಯಾಗಿ ಬಿಡಿಸಿದ್ದಳು, ಆದ್ದರಿಂದ ಸೂತ್ರ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಡಿಸೆಂಬರ್ ಮೊದಲ ವಾರ, ಇಂಟರ್ನ್‌ಶಿಪ್ ಮುಗಿಯುವ ಹಿಂದಿನ ದಿನ, ಅವಳು ನನ್ನನ್ನು ಆ ಮುದುಕಿಯ ಮನೆಯ ಕಡೆಗೆ ಕರೆದುಕೊಂಡು ಹೋದಳು. ಪಾಚಿ ಹಿಡಿದ ಕಪ್ಪು ಹಂಚುಗಳ ನಡುವೆ ಹೊಸ ಕೆಂಪು ಹಂಚುಗಳು ಅಲ್ಲಲ್ಲಿ ಕಾಣುತ್ತಿದ್ದವು. ಕವರಿನದೂ ಏಲಂನದೂ ಸೇರಿ ಅವಳದ್ದು ಸಾವಿರದ ಮುನ್ನೂರ ಎಪ್ಪತ್ತು ರೂಪಾಯಿ. ದಾರಿಯಲ್ಲೇ ಬಾಯಿಲೆಕ್ಕ ಹಾಕಿದ್ದಳು: ಮೂವತ್ತನಾಲ್ಕು ಹಂಚು, ಹತ್ತು ರೂಪಾಯಿ ಬಾಕಿ. ಮಾಡಿನ ಅಂಚಿನಿಂದ ಬೆರಳು ತೋರಿಸುತ್ತ ಕೆಂಪು ಹಂಚುಗಳನ್ನು ಎಣಿಸತೊಡಗಿ ಮೂವತ್ತನಾಲ್ಕಕ್ಕೆ ನಿಲ್ಲಿಸಿದಳು.

"ಇಷ್ಟು ನಮ್ದು. ಇದರಲ್ಲಿ ನೀವು ಎರಡು ಹಿಡಿಸೂಡಿ ತಕ್ಕೊಂಡಿದ್ರಲ್ಲ ಟೀಚರ್, ಅದಕ್ಕೆ ಎರಡೂವರೆ ಹಂಚು ನಿಮ್ದು," ಎಂದಳು. ಸ್ವಲ್ಪ ಯೋಚಿಸಿ ಸೇರಿಸಿದಳು: "ನೀವು ಮಾಡಿದ್ದಕ್ಕೆ ಇಲ್ಲ."